ಮೆಟ್ಟಿಲ ಕೆಳಗಿನ ಮೇಜು

ನಮ್ಮ ಹೆಂಗಸರ ಆಸ್ಪತ್ರೆಗೆ ಬಾಗಿಲುಗಳ ಕೊರತೆ ಎಂದೂ ಇರಲಿಲ್ಲ. ಬಸುರಿಯರಿಗೆ ಒಂದು ಬಾಗಿಲು, ಬಾಣಂತಿಯರಿಗೆ ಇನ್ನೊಂದು, ವರ್ಷಗಟ್ಟಲೆ ಕಾದರೂ ಮಡಿಲು ತುಂಬದವರಿಗೆ ಮೂರನೆಯ ಮಹಡಿಯಲ್ಲಿ ಗಾಜಿನದೊಂದು. ಆದರೆ ನಿನ್ನೆ ಮೊನ್ನೆಯಷ್ಟೇ ಗಂಡನೊಂದಿಗೆ ಕೂತು ‘ಇನ್ನು ನಮಗೊಂದು ಮಗು ಬೇಕು’ ಎಂದು ಮಾತಾಡಿಕೊಂಡ, ಕಾಯಿಲೆಯೂ ಇಲ್ಲದ, ಇನ್ನೂ ಬಸಿರೂ ಆಗಿರದ ಹೆಣ್ಣುಮಗಳು ಯಾವ ಬಾಗಿಲು ತಟ್ಟಬೇಕು ಎಂಬ ಪ್ರಶ್ನೆ ಕಟ್ಟಡ ಕಟ್ಟಿದವರಿಗೂ ಹೊಳೆದಿರಲಿಲ್ಲ, ಅದನ್ನು ನಡೆಸಿದವರಿಗೂ ಹೊಳೆದಿರಲಿಲ್ಲ. ಹೊಳೆದದ್ದು ಒಬ್ಬರಿಗೆ. ಮೂವತ್ತೊಂದು ವರ್ಷ ಇಲ್ಲಿ ಆಹಾರ ತಜ್ಞೆಯಾಗಿ ದುಡಿದು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವ ಅವರನ್ನು ನಾವು ಎದುರಿಗೆ ‘ಮೇಡಂ’ ಎನ್ನುತ್ತೇವೆ, ಬೆನ್ನ ಹಿಂದೆ ‘ಸುರಿಯಮ್ಮ’ ಎನ್ನುತ್ತೇವೆ. ಎರಡನೆಯ ಹೆಸರು ತಮ್ಮ ಕಿವಿಗೆ ಬಿದ್ದಿದೆ ಎಂಬುದನ್ನು ತೋರಿಸಿಕೊಳ್ಳದಷ್ಟು ದೊಡ್ಡ ಮನಸ್ಸು ಅವರದು.

ಪೌಷ್ಟಿಕತೆಯ ವಿಷಯದಲ್ಲಿ ದಪ್ಪ ದಪ್ಪ ಗ್ರಂಥ ಬರೆದವರಿದ್ದಾರೆ; ವೇದಿಕೆ ಹತ್ತಿ ಶಾಲು ಹೊದಿಸಿಕೊಂಡವರಿದ್ದಾರೆ. ಮೇಡಂ ಬರೆದದ್ದು ಒಂದು ಕಾರ್ಡಿನಲ್ಲಿ ಹಿಡಿಯುವಷ್ಟು ಮಾತು. ಅದನ್ನೇ ಆರುನೂರ ಹನ್ನೆರಡು ಸಲ ಕೈಯಲ್ಲಿ ಬರೆದರು. ಈ ಅಭಿನಂದನ ಸಂಪುಟದಲ್ಲಿ ಅವರ ಗುಣಗಾನ ಮಾಡುವವರು ಬಹಳ ಮಂದಿ ಇದ್ದಾರೆ. ಆ ಕಾರ್ಡಿನ ಕತೆ ಮಾತ್ರ ದಾಖಲೆ ಕೊಠಡಿಯವರೇ ಹೇಳಬೇಕು.

ಇಪ್ಪತ್ತೇಳರ ವಯಸ್ಸಿನಲ್ಲಿ ಅವರು ಕೆಲಸಕ್ಕೆ ಸೇರಿದಾಗ ಅವರಿಗೆ ಸಿಕ್ಕಿದ್ದು ಅಡುಗೆಮನೆಯ ಪಕ್ಕದ, ಕಿಟಕಿಯಿಲ್ಲದ ಒಂದು ಕೋಣೆ, ಒಂದು ತಕ್ಕಡಿ, ಗೆರೆ ಅಳಿಸಿಹೋದ ಒಂದು ಅಳತೆ ಲೋಟ. ವಾರ್ಡಿಗೆ ಹೋಗುವ ಹಾಲನ್ನು ಅಳೆಯುವುದು, ತಟ್ಟೆ ಎಣಿಸುವುದು ಅವರ ಕೆಲಸ. ಆ ದಿನಗಳಲ್ಲೇ ಒಬ್ಬ ಹೆಂಗಸು ತಂದಿಟ್ಟ ಊಟವನ್ನೆಲ್ಲ ವಾಂತಿ ಮಾಡಿಕೊಳ್ಳುತ್ತಿದ್ದಳಂತೆ. ಔಷಧ ಬದಲಾಯಿಸಿದರು, ಅಡುಗೆ ಬದಲಾಯಿಸಿದರು, ಜಪ್ಪಯ್ಯ ಎಂದರೂ ನಿಲ್ಲಲಿಲ್ಲ. ಮೇಡಂ ತಮ್ಮ ತಟ್ಟೆಯನ್ನೂ ತೆಗೆದುಕೊಂಡು ಹೋಗಿ ಮೂರು ದಿನ ಅವಳ ಮಂಚದ ಬದಿಯಲ್ಲೇ ಕೂತು ಉಂಡರು. ಮೂರನೆಯ ದಿನ ಗೊತ್ತಾಯಿತು: ತೊಂದರೆ ಅನ್ನದ್ದಲ್ಲ, ತಟ್ಟೆಯ ಮೇಲೆ ಮುಚ್ಚಿ ತರುತ್ತಿದ್ದ ಮುಚ್ಚಳದ ರಬ್ಬರಿನ ವಾಸನೆಯದು. ಮುಚ್ಚಳ ಹೋಯಿತು, ವಾಂತಿ ನಿಂತಿತು. ಜನ ಬಾಯಲ್ಲಿ ಹೇಳುವುದಕ್ಕಿಂತ ಅವರ ಮುಂದಿರುವ ಪಾತ್ರೆ ಹೆಚ್ಚು ಹೇಳುತ್ತದೆ ಎಂಬ ಪಾಠವನ್ನು ಅವರು ಅಲ್ಲಿ ಕಲಿತರೆಂದು ಕಾಣುತ್ತದೆ.

ಸೇವೆಯ ಮೂರನೆಯ ವರ್ಷ ಒಬ್ಬ ಶಾಲಾ ಶಿಕ್ಷಕಿ ಬಂದರು. ಹತ್ತನೆಯ ವಾರ, ಚೊಚ್ಚಲ ಬಸಿರು. ಮಗು ಬೇಕೆಂದು ನಿಶ್ಚಯಿಸಿದ ದಿನದಿಂದಲೇ ಆಕೆ ಮೈ ಗಟ್ಟಿಮಾಡಿಕೊಳ್ಳಲು ಹೊರಟಿದ್ದರು: ಬೆಳಿಗ್ಗೆ ಸಂಜೆ ಎರಡೆರಡು ಚಮಚ ಮೀನಿನ ಲಿವರಿನ ಎಣ್ಣೆ, ವಾರಕ್ಕೆ ಮೂರು ಸಲ ಕುರಿಯ ಲಿವರ್, ಇದು ಸಾಲದೆಂದು ಶಕ್ತಿಗೊಂದು ಮಾತ್ರೆ, ಕೂದಲಿಗೊಂದು ಮಾತ್ರೆ. ಕೂಡಿಸಿ ನೋಡಿದರೆ ನಾಲ್ಕರಲ್ಲೂ ಇದ್ದದ್ದು ಒಂದೇ ವಿಟಮಿನ್, ಎ.

ಇದನ್ನು ತಿಳಿಯದವರಿಗಾಗಿ ಮೇಡಂ ಹೇಳುವ ರೀತಿಯಲ್ಲೇ ಹೇಳುವುದು ಒಳ್ಳೆಯದು. ಎ ವಿಟಮಿನ್ ಇಲ್ಲದೆ ಕಣ್ಣಿಲ್ಲ, ಚರ್ಮವಿಲ್ಲ, ಹೊಟ್ಟೆಯೊಳಗಿನ ಮಗುವಿಗೆ ಬೆಳವಣಿಗೆಯೂ ಇಲ್ಲ. ಅದು ಬೇಕೇ ಬೇಕು. ಆದರೆ ಅದು ಎರಡು ವೇಷದಲ್ಲಿ ಬರುತ್ತದೆ. ಕ್ಯಾರೆಟ್ಟು, ಸೊಪ್ಪು, ಕುಂಬಳಕಾಯಿಯಲ್ಲಿರುವುದನ್ನು ದೇಹ ತನಗೆ ಬೇಕಾದಷ್ಟೇ ಎ ವಿಟಮಿನ್ ಮಾಡಿಕೊಂಡು ಮಿಕ್ಕದ್ದನ್ನು ಬಿಡುತ್ತದೆ. ಲಿವರಿನಲ್ಲಿ, ಮೀನಿನ ಲಿವರಿನ ಎಣ್ಣೆಯಲ್ಲಿ, ಕೆಲವು ಮಾತ್ರೆಗಳಲ್ಲಿ ಇರುವುದು ಸಿದ್ಧರೂಪದ್ದು. ಅದನ್ನು ದೇಹ ಕೂಡಿಡುತ್ತ ಹೋಗುತ್ತದೆ. ಮಿತಿಮೀರಿ ಕೂಡಿದರೆ, ಮಗುವಿನ ಅಂಗಾಂಗ ಮೂಡುವ ಮೊದಲ ವಾರಗಳಲ್ಲಿ ಅಪಾಯ. ಆ ಮೊದಲ ವಾರಗಳು ಎಂಥವೆಂದರೆ, ತಾನು ಬಸುರಿ ಎಂದು ಹೆಂಗಸಿಗೇ ಇನ್ನೂ ಗೊತ್ತಾಗಿರುವುದಿಲ್ಲ. “ಕ್ಯಾರೆಟ್ಟು ನೆಂಟರಿದ್ದ ಹಾಗೆ, ಉಂಡು ಹೊರಡ್ತಾರೆ. ಆ ಎಣ್ಣೆ ಬಾಡಿಗೆಗೆ ಬಂದೋರ ಥರ, ಒಳಗೆ ಬಂದ್ರೆ ಬೇಗ ಏಳಿಸೋಕಾಗಲ್ಲ,” ಎಂದು ಅವರು ಹೇಳಿದಾಗ ನಗದ ಹೆಂಗಸನ್ನು ನಾವು ನೋಡಿಲ್ಲ.

ಶಿಕ್ಷಕಿ ಮಾತ್ರ ನಗಲಿಲ್ಲ. “ಇದನ್ನ ಮೊದಲೇ ಯಾಕೆ ಯಾರೂ ಹೇಳ್ಲಿಲ್ಲ?” ಎಂದರು.

“ಮೊದಲು ಅಂದ್ರೆ ಯಾವಾಗಮ್ಮ?”

“ಬಸಿರು ನಿಲ್ಲೋಕ್ಕಿಂತ ಮೊದಲು.”

“ಆಗ ನೀವು ಇಲ್ಲಿಗೆ ಬಂದಿರ್ಲಿಲ್ಲವಲ್ಲ.”

“ಬರೋದಕ್ಕೆ ಬಾಗಿಲು ಎಲ್ಲಿತ್ತು, ಹೇಳಿ.”

ಶಿಕ್ಷಕಿಯ ಮಗು ಕೊನೆಗೆ ಸುಖವಾಗಿ, ಕೈಕಾಲು ನೆಟ್ಟಗೆ ಹುಟ್ಟಿತು. ಆದರೆ ಅದು ಹುಟ್ಟುವವರೆಗಿನ ಮೂವತ್ತು ವಾರ ಆ ತಾಯಿ ಪಟ್ಟ ಭಯವನ್ನು ಮೇಡಂ ವಾರವಾರವೂ ಎದುರಿಗೆ ಕೂತು ಕಂಡರು. ಮಗುವಿನ ಮುಖ ನೋಡಿ ಬಂದ ದಿನವೇ ಮೇಲಧಿಕಾರಿಗಳಿಗೆ ಅರ್ಜಿ ಬರೆದರು: ಬಸಿರಿಗೆ ಮುಂಚೆ ಬರುವವರಿಗಾಗಿ ಒಂದು ಕೋಣೆ ಬೇಕು. ಕೋಣೆ ಇಲ್ಲ ಎಂದರು. ಮತ್ತೆ ಬರೆದರು. ಕಾಯಿಲೆಯಿಲ್ಲದವರಿಗೆ ಆಸ್ಪತ್ರೆ ಯಾಕೆ ಎಂದರು. ಮತ್ತೆ ಬರೆದರು. ಏಳನೆಯ ಅರ್ಜಿಗೆ ಮೇಲ್ವಿಚಾರಕ ವೈದ್ಯರು ಸೋತು, “ಕೋಣೆ ಬಿಟ್ಟು ಬೇರೆ ಏನಾದ್ರೂ ಕೇಳಿ,” ಎಂದರಂತೆ. “ಹಾಗಾದ್ರೆ ಒಂದು ಮೇಜು ಕೊಡಿ,” ಎಂದರು ಮೇಡಂ, ಅದಕ್ಕೇ ಕಾದಿದ್ದವರ ಹಾಗೆ.

ಉಗ್ರಾಣದಿಂದ ಬಂದ ಮೇಜಿಗೆ ಒಂದು ಕಾಲು ಗಿಡ್ಡ. ಅದನ್ನು ಇಡಲು ಸಿಕ್ಕಿದ ಜಾಗ ಮುಖ್ಯ ಮೆಟ್ಟಿಲ ಕೆಳಗೆ, ಎತ್ತರದವರು ತಲೆ ಬಗ್ಗಿಸದೆ ಬರಲಾರದಂಥ ಮೂಲೆ. ಮೊದಲ ತಿಂಗಳು ಆ ಮೇಜಿಗೆ ಬಂದವರು ನಾಲ್ವರು; ಅವರಲ್ಲಿ ಇಬ್ಬರು ಶೌಚಾಲಯ ಎಲ್ಲಿ ಎಂದು ಕೇಳಲು ಬಂದವರು. ಮೇಡಂ ಅವರಿಗೆ ದಾರಿ ತೋರಿಸಿ, “ವಾಪಸ್ ಹೋಗ್ತಾ ಒಂದ್ನಿಮಿಷ ಕೂತು ಹೋಗಿ,” ಎಂದರು. ಅವರಲ್ಲೊಬ್ಬಾಕೆ ಕೂತಳು. ಅವಳೇ ಮುಂದಿನ ವಾರ ತಂಗಿಯನ್ನೂ ನೆರೆಮನೆಯವಳನ್ನೂ ಕರೆತಂದಳು.

‘ಏನೇನು ತಗೊಳ್ತೀರಿ?’ ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ‘ಏನೂ ಇಲ್ಲ, ಮನೆ ಊಟ.’ ಸುಳ್ಳು ಹೇಳುತ್ತಿದ್ದರು ಎಂದಲ್ಲ. ಡಬ್ಬಿಯಲ್ಲಿ ಬರುವುದು ಯಾರಿಗೂ ಊಟವೆಂದೇ ತೋರುತ್ತಿರಲಿಲ್ಲ. ಅದಕ್ಕೇ ಮೇಡಂ ಪ್ರಶ್ನೆ ಕೇಳುವುದನ್ನೇ ಬಿಟ್ಟು ಚೀಲದ ಪದ್ಧತಿ ತಂದರು. ನುಂಗುವುದು, ಕುಡಿಯುವುದು, ಮುಖಕ್ಕೆ ಹಚ್ಚುವುದು, ಎಲ್ಲವನ್ನೂ ಒಂದು ಬಟ್ಟೆಚೀಲಕ್ಕೆ ಹಾಕಿಕೊಂಡು ಬರಬೇಕು, ಬಂದವರು ಮೇಜಿನ ಮೇಲೆ ಸುರಿಯಬೇಕು. “ಸುರಿಯಮ್ಮ, ನಾಚಿಕೊಳ್ಳಬೇಡ,” ಎನ್ನುತ್ತಿದ್ದ ಅವರ ದನಿ ಮೊದಲ ಮಹಡಿಯವರೆಗೂ ಕೇಳಿಸುತ್ತಿತ್ತು. ಹೆಸರು ಬಂದದ್ದು ಹಾಗೆ. ಭೂತಗನ್ನಡಿ ಹಿಡಿದು ಒಂದೊಂದು ಡಬ್ಬಿಯ ಬೆನ್ನ ಮೇಲಿನ ಇರುವೆಯಂಥ ಅಕ್ಷರವನ್ನು ಓದಿ, ಒಂದೇ ವಿಟಮಿನ್ನು ಎಷ್ಟು ಡಬ್ಬಿಗಳಲ್ಲಿ ಅಡಗಿದೆ ಎಂದು ಕೂಡಿಸಿ ತೋರಿಸುತ್ತಿದ್ದರು. ಮೊಡವೆಗೆಂದು ನುಂಗುವ ಒಂದು ಬಗೆಯ ಗುಳಿಗೆ ಕಂಡರಂತೂ ಎಲ್ಲ ಬಿಟ್ಟು ಆ ಹುಡುಗಿಯನ್ನು ತಾವೇ ವೈದ್ಯರ ಬಳಿಗೆ ನಡೆಸಿಕೊಂಡು ಹೋಗುತ್ತಿದ್ದರು. ಅದು ಎ ವಿಟಮಿನ್ನಿನ ಸೋದರಸಂಬಂಧಿ. ಅದನ್ನು ನಿಲ್ಲಿಸಿ, ವೈದ್ಯರು ಹೇಳಿದಷ್ಟು ಕಾಲ ಕಳೆಯುವ ತನಕ ಬಸಿರು ನಿಲ್ಲಬಾರದು ಎಂಬುದರಲ್ಲಿ ಅವರಿಗೆ ರಾಜಿಯೇ ಇರಲಿಲ್ಲ.

ಒಮ್ಮೆ ಒಬ್ಬ ಅತ್ತೆ ಸೊಸೆಯ ಜೊತೆ ಬಂದು ಸೊಂಟಕ್ಕೆ ಕೈಕೊಟ್ಟು ನಿಂತರು. “ನಾನು ನಾಲ್ಕು ಹೆತ್ತಿದೀನಿ. ಲಿವರ್ ತಿಂದೇ ಹೆತ್ತಿದೀನಿ.”

“ವಾರಕ್ಕೆ ಎಷ್ಟು ಸಲ ತಿಂತಿದ್ರಿ ಅಮ್ಮ?”

“ವಾರಕ್ಕಾ? ಆಗ ಎಲ್ಲಿಂದ ಬರ್ಬೇಕು. ವರ್ಷಕ್ಕೆ ಎರಡು ಸಲ ಸಿಕ್ಕಿದ್ರೆ ಪುಣ್ಯ.”

“ಸೊಸೆಗೆ?”

“ವಾರಕ್ಕೆ ಮೂರು ಸಲ ನಾನೇ ಮಾಡಿ ಹಾಕ್ತೀನಿ. ಪ್ರೀತಿಗೆ.”

“ಪ್ರೀತಿ ಹಾಗೇ ಇರ್ಲಿ. ಪಾತ್ರೆ ಮಾತ್ರ ಬದಲಾಯಿಸಿ,” ಎಂದರು ಮೇಡಂ. ಅತ್ತೆ ಕೂತರು. ಎದ್ದು ಹೋಗುವಾಗ ಸೊಪ್ಪು ಎಷ್ಟು ಬೇಯಿಸಬೇಕು ಎಂದು ಕೇಳಿಕೊಂಡೇ ಹೋದರು.

ಹೀಗೆ ನಾಲ್ಕು ಜನರ ಮೇಜು ನಲವತ್ತು ಜನರ ಮೇಜಾಯಿತು. ಸಾಲು ಮೆಟ್ಟಿಲು ಹತ್ತತೊಡಗಿತು. ಗಾಲಿಮಂಚ ಹೋಗಲು ದಾರಿಯಿಲ್ಲ ಎಂದು ಕಚೇರಿಯವರು ಗೊಣಗಿದರು; ಬೇಗ ಬೇಗ ಮುಗಿಸಿ ಎಂದು ಒತ್ತಾಯಿಸಿದರು. ಆಗ ಮೇಡಂ ಒಂದು ರಬ್ಬರಿನ ಮುದ್ರೆ ಮಾಡಿಸಿದರು. ನಾಲ್ಕು ಬೆರಳಗಲದ ಮರದ ತುಂಡಿಗೆ ಅಂಟಿಸಿದ ಮೂರು ಮಾತು: ‘ಎ ವಿಟಮಿನ್ ಬೇಡ’. ಚೀಲದಲ್ಲಿ ಎಣ್ಣೆಯೋ ಮಾತ್ರೆಯೋ ಹೆಚ್ಚಾಗಿ ಕಂಡವರ ಚೀಟಿಯ ಮೇಲೆ ಒಂದು ಏಟು. ಯಾವುದು ಬೇಡ, ಯಾವುದು ಬೇಕು ಎಂಬುದನ್ನು ಬಾಯಲ್ಲಿ ಬಿಡಿಸಿ ಹೇಳುತ್ತಲೇ ಇದ್ದರು, ಅದರಲ್ಲಿ ಎಂದೂ ತಪ್ಪಲಿಲ್ಲ. ಆದರೆ ಹೇಳಿದ ಮಾತು ಮೆಟ್ಟಿಲ ಕೆಳಗೇ ಉಳಿಯಿತು, ಚೀಟಿ ಮನೆಮನೆ ತಿರುಗಿತು.

ಅದು ಎಷ್ಟು ದೂರ ತಿರುಗಿತ್ತು ಎಂಬುದು ಎರಡು ವರ್ಷದ ಮೇಲೆ ಒಂದು ಮಧ್ಯಾಹ್ನ ಗೊತ್ತಾಯಿತು. ಬಟ್ಟೆ ಹೊಲಿಯುವ ಒಬ್ಬಾಕೆ ಬಂದು ಕೂತರು. ಮದುವೆಯಾಗಿ ನಾಲ್ಕು ವರ್ಷ, ಮಗುವಿಗಾಗಿ ಕಾಯುತ್ತಿರುವುದು ಎರಡು ವರ್ಷದಿಂದ. ಮೇಡಂ ಎಂದಿನಂತೆ ಸುರಿಯಲು ಹೇಳಿದರು. ಚೀಲದಿಂದ ಬಿದ್ದದ್ದು ಒಂದು ದಾರದ ಉಂಡೆ, ಒಂದು ಸೂಜಿಯ ಪೊಟ್ಟಣ, ನಾಲ್ಕಾಗಿ ಮಡಿಸಿದ ಒಂದು ಚೀಟಿ.

“ಇಷ್ಟೇನಾ?”

“ಇಷ್ಟೇ ಮೇಡಂ. ಎಲ್ಲಾ ಬಿಟ್ಟಿದೀನಿ. ಈಗ ತೊಂದ್ರೆ ಬೇರೆ. ಸಂಜೆ ಆದ್ರೆ ಸೂಜಿ ಕಣ್ಣು ಕಾಣಲ್ಲ. ದೀಪ ಹಾಕಿದ್ರೂ ಮಬ್ಬು. ನಿನ್ನೆ ಒಂದು ತೋಳನ್ನ ಉಲ್ಟಾ ಹೊಲಿದುಬಿಟ್ಟೆ. ಗಿರಾಕಿ ನಕ್ಕುಬಿಟ್ಟು ಹೋದ್ಲು, ಇನ್ನೊಂದ್ಸಲ ನಗಲ್ಲ.”

“ಎಲ್ಲಾ ಅಂದ್ರೆ ಏನೇನು ಬಿಟ್ಟೆಯಮ್ಮ?”

“ಕ್ಯಾರೆಟ್ಟು, ಸೊಪ್ಪು, ಕುಂಬಳಕಾಯಿ, ಹಾಲು, ಮೊಟ್ಟೆ. ಎ ವಿಟಮಿನ್ ಎಲ್ಲೆಲ್ಲಿದೆ ಅಂತ ಪಕ್ಕದ್ಮನೆ ಹುಡುಗಿ ಪಾಠದ ಪುಸ್ತಕದಲ್ಲಿ ನೋಡಿ ಹೇಳಿದ್ಲು. ಒಂದೂ ಬಾಯಿಗಿಟ್ಟಿಲ್ಲ ಎರಡು ವರ್ಷದಿಂದ.”

“ಯಾರು ಹೇಳಿದ್ರು ನಿನಗೆ, ಬಿಡು ಅಂತ?”

ಆಕೆ ಮಡಿಸಿದ ಚೀಟಿಯನ್ನು ಬಿಡಿಸಿ ಮೇಜಿನ ಮೇಲಿಟ್ಟರು. “ನೀವೇ ಮೇಡಂ. ನನ್ನ ನಾದಿನಿ ಚೀಟಿ ಇದು. ಅವಳಿಗೆ ಬೇಡ ಅಂದಿದ್ದು ನನಗೂ ಬೇಡ ಅಂತ ಇಟ್ಕೊಂಡೆ. ಆಸ್ಪತ್ರೆ ಮುದ್ರೆ ಅಲ್ವಾ.”

ಮೂರು ಮಾತು, ನೀಲಿ ಶಾಯಿ, ಸ್ವಲ್ಪ ಓರೆ. ಎರಡು ವರ್ಷದ ಹಿಂದೆ ಚಮಚಗಟ್ಟಲೆ ಎಣ್ಣೆ ಕುಡಿಯುತ್ತಿದ್ದ ನಾದಿನಿಗೆ ಸರಿಯಾಗಿದ್ದ ಮಾತು, ಮೊದಲೇ ಬಡಕಲು ಊಟದ ಈ ಹೆಣ್ಣಿನ ಕಣ್ಣಿಗೇ ಕೈಹಾಕಿತ್ತು. ಇಂಥ ಮೈಯಲ್ಲಿ ಬಸಿರು ನಿಂತರೆ ತಾಯಿಗೂ ಕಷ್ಟ, ಕೂಸಿಗೂ ಕಷ್ಟ. ಅಷ್ಟರೊಳಗೆ ಹೊಲಿಗೆಯ ಅನ್ನವೂ ಹೋಗುವುದರಲ್ಲಿತ್ತು. ಮೇಡಂ ಏನನ್ನೂ ಸಮರ್ಥಿಸಿಕೊಳ್ಳಲಿಲ್ಲ. “ತಪ್ಪು ನಂದಮ್ಮ. ನಿನ್ನ ಕಣ್ಣು ವಾಪಸ್ ಬರೋವರೆಗೂ ನೀನು ನನ್ನ ಕೈಬಿಡಬಾರದು,” ಎಂದರು. ಕೈಬಿಡಬೇಡಿ ಎಂಬ ಮಾತನ್ನು ಸಾಮಾನ್ಯವಾಗಿ ರೋಗಿ ಆಸ್ಪತ್ರೆಯವರಿಗೆ ಹೇಳುವುದು. ಅಂದು ಹೇಳಿದವರು ಮೇಡಂ.

ಕಣ್ಣಿನ ವೈದ್ಯರು ನೋಡಿದರು. ಬಸಿರಿಲ್ಲ ಎಂದು ಪರೀಕ್ಷೆ ಮಾಡಿ ಖಚಿತಪಡಿಸಿಕೊಂಡು, ಅದೇ ಎ ವಿಟಮಿನ್ನನ್ನು ಅಳೆದು ತೂಗಿ, ಸಣ್ಣ ಪ್ರಮಾಣದಲ್ಲಿ ಕೊಟ್ಟರು. ಎಲ್ಲ ಹೆಂಗಸರಿಗೂ ಹೆಚ್ಚಾಗದಿರಲಿ ಎಂದು ಕಾವಲು ನಿಂತ ಮೇಡಂಗೆ, ಈ ಒಬ್ಬಳಿಗೆ ಅದು ಸಾಲದೆ ಹೋಗದಿರಲಿ ಎಂದು ಕಾಯುವ ಸರದಿ ಬಂತು. 

ಮರುದಿನ ಬೆಳಿಗ್ಗೆ ಮೇಡಂ ಮೇಲ್ವಿಚಾರಕರ ಮುಂದೆ ಒಂದು ದೂರು ಇಟ್ಟರು.

“ಯಾರು ಕೊಟ್ಟಿದ್ದು?”

“ನಾನು ಸರ್.”

“ಯಾರ ಮೇಲೆ?”

“ನನ್ನ ಮೇಲೆ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ನೋಡಿ, ಒಬ್ಬಳಿಗೆ ಹೀಗಾಯ್ತು ಅಂತ ಇಷ್ಟು...”

“ಒಬ್ಬಳು ಬಂದಿದ್ದಾಳೆ ಸರ್. ಬರದೇ ಇರೋರನ್ನ ನಾನು ಎಣಿಸಬೇಕು.”

ಎಣಿಸಿದರು. ಆ ಮುದ್ರೆ ಬಿದ್ದ ಚೀಟಿಗಳ ಲೆಕ್ಕ ಹುಡುಕಲು ಅವರು ಇಳಿದು ಬಂದದ್ದು ದಾಖಲೆ ಕೊಠಡಿಗೆ. ಅಲ್ಲಿನ ಗುಮಾಸ್ತನೇ ಈ ಲೇಖನ ಬರೆಯುತ್ತಿರುವವನು ಎಂಬುದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಕಟ್ಟು ಬಿಚ್ಚಿ ಕೊಟ್ಟದ್ದು, ಧೂಳಿಗೆ ಸೀನಿದ್ದು ಅವನ ಪಾಲು, ಉಳಿದದ್ದೆಲ್ಲ ಮೇಡಂ ಅವರದು. ಆರುನೂರ ಹನ್ನೆರಡು ವಿಳಾಸ ಸಿಕ್ಕಿದವು. ಅಚ್ಚು ಹಾಕಿಸೋಣ ಎಂದರೆ ಒಪ್ಪಲಿಲ್ಲ. “ಅಚ್ಚು ಹಾಕಿಸಿಯೇ ಅಲ್ವಾ ಹೀಗಾಗಿದ್ದು,” ಎಂದರು. ಪ್ರತಿಯೊಂದು ಕಾರ್ಡನ್ನೂ ಕೈಯಲ್ಲಿ, ಆಯಾ ಹೆಂಗಸಿನ ಹೆಸರು ಹಾಕಿ ಬರೆದರು: ‘ಸೊಪ್ಪು, ಕ್ಯಾರೆಟ್ಟು, ಕುಂಬಳಕಾಯಿ, ಹಾಲು, ಮೊಟ್ಟೆ ತಿನ್ನಿ, ಬಿಡಬೇಡಿ. ಲಿವರ್, ಮೀನಿನ ಲಿವರಿನ ಎಣ್ಣೆ ಸದ್ಯಕ್ಕೆ ಬೇಡ. ಎ ಇರುವ ಮಾತ್ರೆ ನಮ್ಮನ್ನು ಕೇಳದೆ ಬೇಡ. ಅನುಮಾನವಿದ್ದರೆ ಚೀಲ ತನ್ನಿ. ಹಿಂದೆ ನಾನು ಅರ್ಧ ಮಾತು ಮಾತ್ರ ಬರೆದು ಕೊಟ್ಟಿದ್ದೆ, ಕ್ಷಮಿಸಿ.’ ಕೊನೆಯ ವಾಕ್ಯವನ್ನಾದರೂ ಬಿಡಿ ಎಂದು ಕಚೇರಿಯವರು ಕೇಳಿಕೊಂಡರು. ಅದನ್ನು ಬಿಟ್ಟರೆ ಮತ್ತೆ ಅರ್ಧ ಮಾತೇ ಆಗುತ್ತದೆ ಎಂದು ಮೇಡಂ ಬರೆಯುತ್ತಲೇ ಹೋದರು. ಎಂಟು ತಿಂಗಳು ಹಿಡಿಯಿತು. ವಿಳಾಸ ಸಿಗದೆ ಐವತ್ತಮೂರು ಕಾರ್ಡು ವಾಪಸು ಬಂದವು. ಅವನ್ನು ಕೈಚೀಲಕ್ಕೆ ಹಾಕಿಕೊಂಡು, ಕೆಲಸ ಮುಗಿದ ಮೇಲೆ ಬೀದಿ ಬೀದಿ ಕೇಳಿಕೊಂಡು ನಡೆದರು. ನಲವತ್ತೆರಡು ಜನ ಸಿಕ್ಕಿದರು. ಸಿಗದ ಹನ್ನೊಂದು ಹೆಸರುಗಳನ್ನು ಇಂದು ಕೇಳಿದರೂ ಅವರು ಬಾಯಿಪಾಠವಾಗಿ ಹೇಳುತ್ತಾರೆ.

ಈ ನಡುವೆ ಪ್ರತಿ ಗುರುವಾರ ಸಂಜೆ ಐದೂವರೆಗೆ ಹೊಲಿಗೆಯಾಕೆ ಬರುತ್ತಿದ್ದರು. ಮೆಟ್ಟಿಲ ಕೆಳಗೆ ಆ ಹೊತ್ತಿಗೆ ಬೆಳಕು ಇಳಿಯುತ್ತದೆ. ಮೇಡಂ ದೀಪ ಹಾಕುತ್ತಿರಲಿಲ್ಲ. ಮೇಜಿನ ಮೇಲೆ ಒಂದು ಸೂಜಿ, ಒಂದು ಕಪ್ಪು ದಾರ. ವೈದ್ಯರ ಯಂತ್ರ ಬೇರೆ ಇತ್ತು, ಆದರೆ ಇವರಿಬ್ಬರಿಗೆ ನಂಬಿಕೆ ಇದ್ದದ್ದು ಸೂಜಿಯ ಮೇಲೆ. ಮೊದಲ ವಾರ ದಾರದ ತುದಿ ಸೂಜಿಯ ಹತ್ತಿರವೂ ಹೋಗಲಿಲ್ಲ. ಎರಡನೆಯ ವಾರ ಬೆರಳಿಗೆ ಚುಚ್ಚಿಕೊಂಡರು. ಮೂರನೆಯ ವಾರ ಅವರು ಸೂಜಿಯನ್ನೇ ಮುಟ್ಟದೆ, “ಇವತ್ತು ಬೇಡ ಮೇಡಂ, ಭಯ ಆಗುತ್ತೆ,” ಎಂದರು. “ಭಯ ನನಗೂ ಇದೆ. ತಗೋ,” ಎಂದರು ಮೇಡಂ. ಅಂದೂ ಆಗಲಿಲ್ಲ. ಐದನೆಯ ಗುರುವಾರ ದಾರ ಒಂದೇ ಸಲಕ್ಕೆ ಒಳಗೆ ಹೋಯಿತು. ಆಕೆ ನಂಬದೆ ಮತ್ತೆ ಎಳೆದು ತೆಗೆದು ಮತ್ತೆ ಪೋಣಿಸಿದರು. ಆಮೇಲೆ ಮೇಡಂ ಅವರ ಬಿಳಿ ಕೋಟಿನ ತೋಳಿನಲ್ಲಿ ತಿಂಗಳಿನಿಂದ ಜೋತಾಡುತ್ತಿದ್ದ ಗುಂಡಿಯನ್ನು ಆ ಮಬ್ಬಿನಲ್ಲೇ ಕೂತು ಹೊಲಿದುಕೊಟ್ಟರು. ಆ ಕೋಟು ಹಳೆಯದಾಗಿ ಹೋಯಿತು. ಗುಂಡಿ ಕಿತ್ತುಹೋದದ್ದನ್ನು ಯಾರೂ ನೋಡಲಿಲ್ಲ.

ಮುಂದಿನ ವರ್ಷ ಆಕೆ ಬಂದದ್ದು ಗುರುವಾರವಲ್ಲ. ಕೈಯಲ್ಲಿ ಬಸುರಿಯರ ಬಾಗಿಲಿನ ಚೀಟಿ ಇತ್ತು. “ಸ್ಕ್ಯಾನಲ್ಲಿ ಚುಕ್ಕೆ ಇದೆ ಅಂತ ಹುಡುಕ್ತಾ ಇದ್ರು ಮೇಡಂ. ಡಾಕ್ಟ್ರಿಗಿಂತ ಮೊದಲು ನನಗೇ ಕಂಡಿತು,” ಎಂದರು. ಮೇಡಂ ನಕ್ಕರು, ಆಮೇಲೆ ಮುಖ ತಿರುಗಿಸಿಕೊಂಡು ಭೂತಗನ್ನಡಿ ಒರೆಸಿದರು, ಆಮೇಲೆ ಚೀಲ ಸುರಿಯಲು ಹೇಳಿದರು.

ಇಂದು ಬೇರೆ ಊರುಗಳ ಆಸ್ಪತ್ರೆಯವರು ನಮ್ಮ ಮೇಜನ್ನು ನೋಡಿಹೋಗಲು ಬರುತ್ತಾರೆ. ಕಳೆದ ತಿಂಗಳು ಆಡಳಿತ ಮಂಡಳಿಯವರು ಮೇಡಂ ಅವರ ನಿವೃತ್ತಿಯ ಕಾಣಿಕೆಯಾಗಿ ಈ ಕೆಲಸಕ್ಕೆ ಒಂದು ಕೋಣೆಯನ್ನೇ ಕೊಡುವುದಾಗಿ ಹೇಳಿದರು. ಬಾಗಿಲಿನ ಮೇಲೆ ಅವರ ಹೆಸರಿನ ಫಲಕ. ಏಳು ಅರ್ಜಿ ಬರೆದವರು ಹಿಗ್ಗಿ ಒಪ್ಪುತ್ತಾರೆಂದು ನಾವೆಲ್ಲ ಎಣಿಸಿದ್ದೆವು. “ಬಾಗಿಲು ಅಂದ್ರೆ ತಟ್ಟಬೇಕಾಗುತ್ತೆ ಸರ್,” ಎಂದರು ಅವರು. “ಶೌಚಾಲಯ ಹುಡುಕ್ಕೊಂಡು ಬಂದೋಳು ಬಾಗಿಲು ತಟ್ಟಲ್ಲ. ಮೇಜು ಅಲ್ಲೇ ಇರ್ಲಿ.” ಕೋಣೆ ಈಗ ಉಗ್ರಾಣವಾಗಿದೆ.

ಕಳೆದ ಸೋಮವಾರ ಅವರ ಜಾಗಕ್ಕೆ ಬಂದಿರುವ ಹೊಸ ತಜ್ಞೆಗೆ ಮೇಜನ್ನು ಒಪ್ಪಿಸಿದರು. ಭೂತಗನ್ನಡಿ, ಖಾಲಿ ಕಾರ್ಡಿನ ಕಟ್ಟು, ಸೂಜಿ ದಾರ. ಹುಡುಗಿ ಚುರುಕು; ಕುರ್ಚಿ ಎಳೆದುಕೊಳ್ಳುವಾಗ ಗಿಡ್ಡ ಕಾಲಿನ ಕೆಳಗೆ ಸಿಕ್ಕಿಸಿದ್ದ ಮರದ ತುಂಡು ಅವಳ ಕಣ್ಣಿಗೆ ಬಿತ್ತು. “ಇದೇನು ಮೇಡಂ? ಕಾಗದ ಮಡಿಸಿ ಇಡೋಣ್ವಾ, ಚೆನ್ನಾಗಿರುತ್ತೆ.”

“ತೆಗೆದು ನೋಡು.”

ಅವಳು ಬಗ್ಗಿ ತುಂಡನ್ನು ಎಳೆದಳು. ಮೇಜು ಕುಂಟಿತು, ಕಾರ್ಡುಗಳು ಜಾರಿ ನೆಲಕ್ಕೆ ಬಿದ್ದವು. ತುಂಡಿನ ಒಂದು ಮುಖಕ್ಕೆ ಒಣಗಿ ಬಿರುಕುಬಿಟ್ಟ ರಬ್ಬರು, ಅದರ ಮೇಲೆ ಹಿಂದುಮುಂದಾದ ಮೂರು ಮಾತು. ಅವಳು ನಿಧಾನವಾಗಿ ಬಿಡಿಸಿ ಓದಿದಳು, ಅರ್ಥವಾಗದೆ ಮುಖ ನೋಡಿದಳು. ಮೇಡಂ ಎಲ್ಲವನ್ನೂ ಹೇಳಿದರು. ಹನ್ನೊಂದು ಹೆಸರುಗಳನ್ನೂ ಹೇಳಿದರು. ಅಷ್ಟರಲ್ಲಿ ಎದುರಿಗೆ ಚೀಲ ಹಿಡಿದ ಒಬ್ಬಾಕೆ ಬಂದು ನಿಂತಿದ್ದಳು.

“ಈಗ ಇದನ್ನ ಏನ್ಮಾಡ್ಲಿ?” ಎಂದಳು ಹುಡುಗಿ.

“ಎಲ್ಲಿತ್ತೋ ಅಲ್ಲೇ ಇಡು. ಸಾಲು ಉದ್ದ ಆಗಿ, ಮಾತು ಗಿಡ್ಡ ಮಾಡೋಣ ಅನ್ನಿಸಿದಾಗ ಒಂದ್ಸಲ ಬಗ್ಗಿ ನೋಡ್ಕೋ.”

ಮೇಡಂ ಅವರಿಗೆ ವಿಶ್ರಾಂತಿ ಸಿಗಲಿ ಎಂದು ಹಾರೈಸುವ ಧೈರ್ಯ ನಮಗಿಲ್ಲ, ಅದನ್ನು ಅವರು ‘ಇದು ಬೇಡ’ ಎಂದು ಚೀಲದಿಂದ ಹೊರಗೆ ತೆಗೆದಿಡುತ್ತಾರೆ. ನೂರು ವರ್ಷ ಅವರ ಕಣ್ಣು ಮಂಜಾಗದಿರಲಿ, ಕಾಲು ಸೋಲದಿರಲಿ, ಸಿಗದ ಹನ್ನೊಂದು ಜನ ಒಬ್ಬೊಬ್ಬರಾಗಿ ದಾರಿಯಲ್ಲಿ ಎದುರಾಗಲಿ. ಬರುವ ಗುರುವಾರದಿಂದ ಸಂಜೆ ಹೊತ್ತು ಬರುತ್ತೇನೆಂದು ಅವರು ಹೇಳಿದ್ದಾರೆ. ಕುರ್ಚಿ ಹುಡುಗಿಯದು, ತಮಗೆ ಸ್ಟೂಲು ಸಾಕಂತೆ. ಆ ಸೋಮವಾರ ಹುಡುಗಿ ಮಂಡಿಯೂರಿ ಮರದ ತುಂಡನ್ನು ಮತ್ತೆ ಕಾಲಿನ ಕೆಳಗೆ ತಳ್ಳಿದಳು, ಮೇಜನ್ನು ಎರಡು ಕೈಯಿಂದ ಒತ್ತಿ ಅಲ್ಲಾಡುವುದಿಲ್ಲ ಎಂದು ನೋಡಿಕೊಂಡಳು, ಕೂತಳು. ಆಮೇಲೆ ಎದುರಿಗೆ ನಿಂತವಳಿಗೆ, ಇನ್ನೂ ಪಳಗದ ಸಣ್ಣ ದನಿಯಲ್ಲಿ, “ಸುರಿಯಮ್ಮ,” ಎಂದಳು.